ದುರ್ಗದ ಯೋಗನಿದ್ರೆ ತರಗತಿ: ಪಾಠ ಚೆನ್ನಾಗಿದೆ, ಫಲಕ ಬದಲಾಗಬೇಕು

ಬೆಳಗಿನ ಜಾವ ನಾಲ್ಕೂವರೆಗೆ ಬಾಗಿಲು ತೆರೆಯುವ ಯೋಗನಿದ್ರೆ ತರಗತಿ ಚಿತ್ರದುರ್ಗದಲ್ಲಿ ನನಗೆ ಗೊತ್ತಿರುವುದು ಇದೊಂದೇ. ತಿಂಗಳಿಗೆ 900 ರೂಪಾಯಿ. ಮೊದಲ ಮಹಡಿಯ ಹಾಲ್, ನೆಲಕ್ಕೆ ಜಮಖಾನೆ, ಹೊದಿಕೆ ನಾವೇ ಒಯ್ಯಬೇಕು. ಹೊರಗಿನ ಫಲಕದಲ್ಲಿ ‘ಎಚ್ಚರದಲ್ಲೇ ನಿದ್ರೆಗೆ ಇಳಿಯಿರಿ, ಸೂಕ್ಷ್ಮ ಶರೀರದಲ್ಲಿ ಸಂಚರಿಸಿ’ ಎಂದಿದೆ. ಇದರಲ್ಲಿ ಮೊದಲನೆಯದನ್ನು ಇಲ್ಲಿ ನಿಜವಾಗಿಯೂ ಕಲಿಸುತ್ತಾರೆ. ಎರಡನೆಯದು, ಅಂದರೆ ಈ ದೇಹವನ್ನು ಬಿಟ್ಟು ಹೊರಗೆ ಸಂಚರಿಸುವುದು, ಬೇರೆ ಮಾತು.

ನಾನು ರಾತ್ರಿ ಬಸ್ಸಿನ ಚಾಲಕನಾಗಿದ್ದು ನಿವೃತ್ತನಾದವನು. ಹಿರಿಯೂರು ದಾಟಿದ ಮೇಲೆ, ಮೂರು ಗಂಟೆಯ ಹೊತ್ತಿಗೆ ಕಣ್ಣಿಗೆ ಹತ್ತುವ ಜೊಂಪು ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ರಸ್ತೆಗೆ ಅಡ್ಡ ಎಮ್ಮೆ ನಿಂತಂತೆ ಕಾಣುತ್ತದೆ, ಎಮ್ಮೆ ಇರುವುದಿಲ್ಲ. ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತಾಗುತ್ತದೆ, ಪ್ರಯಾಣಿಕರೆಲ್ಲ ಮಲಗಿರುತ್ತಾರೆ. ಆಗ ಗಾಡಿಯನ್ನು ಬದಿಗೆ ಹಾಕಿ, ಮುಖ ತೊಳೆದು, ಚಹಾ ಕುಡಿದೇ ಮುಂದೆ ಹೋಗಬೇಕು. ಸೇವೆಯುದ್ದಕ್ಕೂ ದೂರವಿಟ್ಟಿದ್ದ ಆ ಜೊಂಪನ್ನು ಅಪಾಯವಿಲ್ಲದ ಕಡೆ ಮಲಗಿ, ಕಣ್ಣು ಮುಚ್ಚಿ ನೋಡಬೇಕೆಂಬ ಆಸೆಯಿಂದಲೇ ಇಲ್ಲಿ ಸೇರಿದೆ.

ಕಲಿಸುವ ಮೇಡಂ ಅನುಸರಿಸುವುದು ಸ್ವಾಮಿ ಸತ್ಯಾನಂದ ಸರಸ್ವತಿಯವರು ರೂಪಿಸಿದ ಕ್ರಮವನ್ನು. ಶವಾಸನ, ಸಂಕಲ್ಪ, ಆಮೇಲೆ ಬಲಗೈ ಹೆಬ್ಬೆರಳಿನಿಂದ ಹಿಡಿದು ಮೈಯ ಒಂದೊಂದು ಭಾಗಕ್ಕೂ ಗಮನ. ಅವರ ನಿಜವಾದ ವಿದ್ಯೆ ಇರುವುದು ಆ ಹೆಸರುಗಳನ್ನು ಹೇಳುವ ವೇಗದಲ್ಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು... ಮನಸ್ಸು ಒಂದರ ಮೇಲೆ ಕೂರುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಸ್ವಲ್ಪ ನಿಧಾನವಾದರೆ ಗೊರಕೆ ಶುರುವಾಗುತ್ತದೆ, ಅವಸರವಾದರೆ ಮನಸ್ಸು ಕೆರಳುತ್ತದೆ. ನಂತರ 27ರಿಂದ ಒಂದರವರೆಗೆ ಉಸಿರಿನ ಎಣಿಕೆ. ಎಣಿಕೆ ತಪ್ಪಿದರೆ ಮತ್ತೆ 27ರಿಂದಲೇ. ಇನ್ನೊಂದು ಅಭ್ಯಾಸದಲ್ಲಿ ಮೊಣಕೈಯನ್ನು ನೆಲಕ್ಕೆ ಊರಿ ಮುಂಗೈಯನ್ನು ನೆಟ್ಟಗೆ ನಿಲ್ಲಿಸಿಕೊಳ್ಳಬೇಕು. ನಿದ್ರೆ ಆವರಿಸಿದರೆ ಸ್ನಾಯು ಸಡಿಲವಾಗಿ ಕೈ ಬೀಳುತ್ತದೆ, ತಟ್ಟನೆ ಎಚ್ಚರವಾಗುತ್ತದೆ. ಜಾವದ ಹೊತ್ತನ್ನು ಆರಿಸಿರುವುದೂ ಸರಿ. ರಾತ್ರಿಯ ಕೊನೆಯ ಭಾಗದಲ್ಲಿ ಕನಸಿನ ನಿದ್ರೆಯೇ ಹೆಚ್ಚು. ಎದ್ದು ಮತ್ತೆ ಮಲಗಿದವರಿಗೆ ಕನಸಿನ ಹೊಸ್ತಿಲು ಹತ್ತಿರವಿರುತ್ತದೆ. ಚಂದ್ರವಳ್ಳಿಯ ಅಂಕಳಿ ಮಠದಲ್ಲಿ ಸಾಧಕರು ಧ್ಯಾನಕ್ಕೆ ಕೂರುತ್ತಿದ್ದ ನೆಲದಡಿಯ ಕತ್ತಲ ಕೋಣೆಗಳನ್ನು ಕಂಡವರಿಗೆ, ನಮ್ಮ ಊರಿಗೆ ಇಂಥ ಸಾಧನೆ ಹೊಸದಲ್ಲ ಎಂಬುದೂ ಗೊತ್ತು.

ನನಗೆ ಆದದ್ದು ಇಷ್ಟು: ಮೊದಲು ಬಣ್ಣದ ಚುಕ್ಕೆಗಳು, ಆಮೇಲೆ ಓಡುವ ರಸ್ತೆ, ಮೈಯೊಳಗೆ ಒಂದು ಕಂಪನ. ಒಂದು ಬೆಳಿಗ್ಗೆಯಂತೂ ಜಮಖಾನೆಯಿಂದ ಗೇಣುದ್ದ ಮೇಲೆ ತೇಲುತ್ತಿದ್ದೇನೆ ಎನ್ನಿಸಿತು, ಮೇಡಂ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಸಂತೋಷ ದೊಡ್ಡದು. ದೇಹ ಬಿಟ್ಟು ಹೋಗಿದ್ದೆ ಎಂದು ಮಾತ್ರ ನಾನು ಹೇಳಲಾರೆ. ನಮ್ಮ ಜೊತೆ ಬರುವ ವೈದ್ಯರೊಬ್ಬರು ಹೇಳಿದ ಸಂಗತಿ ಇದು: ನರವಿಜ್ಞಾನಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗದ ಒಬ್ಬ ಮಹಿಳೆಯ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟಾಗ, ಹಾಸಿಗೆಯಲ್ಲಿ ಮಲಗಿರುವ ತನ್ನನ್ನೇ ಮೇಲಿನಿಂದ ನೋಡುತ್ತಿದ್ದೇನೆ ಎಂದು ಆಕೆ ಹೇಳಿದರಂತೆ. 2002ರಲ್ಲಿ ಇದು ಪ್ರಕಟವಾಗಿದೆ. ಅಂದರೆ ದೇಹ ಬಿಡದೆಯೂ ಮೆದುಳು ಇಂಥ ಅನುಭವ ಹುಟ್ಟಿಸಬಲ್ಲದು. ಆದ್ದರಿಂದ ಫಲಕದ ಎರಡನೆಯ ಮಾತನ್ನು ಅಳಿಸಬೇಕೆಂದು ಮೇಡಂ ಅವರನ್ನು ಕೇಳಿಕೊಂಡಿದ್ದೇನೆ.

ನನ್ನ ದೊಡ್ಡ ದೂರು ಬೇರೆ. ಪಕ್ಕದಲ್ಲಿ ಮಲಗಿದ್ದ ಕಾಲೇಜು ಹುಡುಗ ಒಂದು ದಿನ ಬೆವತು ಎದ್ದು, “ಅಂಕಲ್, ಎದೆಯ ಮೇಲೆ ಯಾರೋ ಕೂತಿದ್ದರು, ಕೂಗಲು ಆಗಲಿಲ್ಲ” ಎಂದ. “ಅದೇ ಬಾಗಿಲು, ಹೆದರಬೇಡಪ್ಪ” ಎಂದರು ಮೇಡಂ. ಅಷ್ಟು ಸಾಲದು. ಕನಸಿನ ನಿದ್ರೆಯಲ್ಲಿ ಕೈಕಾಲು ಅಲುಗಿಸಲಾಗದಷ್ಟು ಸಡಿಲವಾಗಿರುತ್ತವೆ. ಆ ಸಡಿಲತೆ ಬಿಡುವ ಮೊದಲೇ ಮನಸ್ಸು ಎಚ್ಚರವಾದರೆ ಹೀಗಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೋಗುತ್ತದೆ. ಇದನ್ನು ಸೇರಿದ ಮೊದಲ ದಿನವೇ ಹೇಳಬೇಕು. ತರಗತಿ ಮುಗಿದ ಕೂಡಲೇ ಜನ ಬೈಕ್ ಹತ್ತುವುದನ್ನು ತಡೆಯುವುದೂ ಇಲ್ಲ. ಜೊಂಪಿನ ಕಣ್ಣಲ್ಲಿ ಹ್ಯಾಂಡಲ್ ಹಿಡಿದರೆ ಏನಾಗುತ್ತದೆಂದು ಹೆದ್ದಾರಿಯಲ್ಲಿ ಕಂಡವನು ನಾನು. ಎಲ್ಲರನ್ನೂ ಇಪ್ಪತ್ತು ನಿಮಿಷ ಕೂರಿಸಿ, ಮಾತನಾಡಿಸಿ ಕಳುಹಿಸಲಿ.

ಮೂರ್ಛೆರೋಗ ಇರುವವರು, ರಾತ್ರಿ ಸರಿಯಾಗಿ ನಿದ್ರೆ ಬಾರದವರು ವೈದ್ಯರನ್ನು ಕೇಳದೆ ಸೇರಬೇಡಿ. ಉಳಿದವರು ಖಂಡಿತ ಹೋಗಿ. ಹೊಸಬರನ್ನು ತಿಂಗಳ ಮೊದಲ ವಾರದಲ್ಲಿ ಮಾತ್ರ ಸೇರಿಸಿಕೊಳ್ಳುತ್ತಾರೆ. ಕಿಟಕಿಯಿಂದ ಬೆಟ್ಟದ ಗಾಳಿ ನೇರವಾಗಿ ನುಗ್ಗುವುದರಿಂದ ದಪ್ಪ ಕಂಬಳಿಯನ್ನೇ ಒಯ್ಯಿರಿ.