ಚಿಗರಿ ಕಣ್ಣಿಗೆ ಮರೆ ಯಾವುದು: ಡೇರೆಯೋ, ಕಣಕಿ ಗೂಡೋ, ಟ್ರ್ಯಾಕ್ಟರೋ?

ಬೀಳಗಿ, ಮುಧೋಳದ ನಡುವಿನ ಯಡಹಳ್ಳಿ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ಈ ಚಿಂಕಾರವನ್ನೇ ನಮ್ಮ ಕಡೆ ಚಿಗರಿ ಅನ್ನುತ್ತಾರೆ. ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಒಳಗೆ ಫೋಟೋಕ್ಕೆಂದು ಮರೆ ಕಟ್ಟಿ ಕೂರಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಾನು ಕ್ಯಾಮೆರಾ ಹಿಡಿದು ಕೂತದ್ದೆಲ್ಲ ಗಡಿಯಾಚೆ, ಸೋದರಮಾವನ ಹಿಂಗಾರಿ ಹೊಲದಲ್ಲಿ. ಬೇರೆ ಬೇರೆ ಮರೆಗಳಲ್ಲಿ ಕೂತು ನೋಡಿದೆ; ಯಾವುದರ ಹತ್ತಿರ ಚಿಗರಿ ನೆಮ್ಮದಿಯಿಂದ ಮೇಯುತ್ತದೆ ಅನ್ನುವುದೊಂದೇ ನನ್ನ ಅಳತೆಗೋಲು.

ಮೊದಲು ಡೇರೆ. ಅಮೆರಿಕದ ಬಿಲ್ಲುಬೇಟೆಗಾರರಿಗಾಗಿ ಹುಟ್ಟಿದ ಮಾಲು ಇದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ, ಹಾಗಾಗಿ ಫೋಟೋದವರು ಕೊಳ್ಳುತ್ತಾರೆ. ಬಿಚ್ಚಿದರೆ ಪಟ್ಟನೆ ಅರಳುತ್ತದೆ, ಒಳಗೆಲ್ಲ ಕಪ್ಪು ಬಟ್ಟೆ, ಹೊರಗೆ ಎಲೆಗಳ ಚಿತ್ರ. ಆ ಎಲೆಗಳು ಓಕ್ ಮರದವು. ಎರೆ ಹೊಲದಲ್ಲಿ ಓಕ್ ಮರಕ್ಕೇನು ಕೆಲಸ? ಆದರೆ ಎಲೆ ಯಾವ ಮರದ್ದು ಅನ್ನುವುದು ಚಿಗರಿಗೆ ಮುಖ್ಯವೇ ಅಲ್ಲ ಎಂದು ಬರಬರುತ್ತ ಖಾತ್ರಿಯಾಯಿತು.

ಜಿಂಕೆಗಳ ದೃಷ್ಟಿಯ ಬಗ್ಗೆ 1992ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಬಾಲದ ಜಿಂಕೆಗಳ ಮೇಲೆ ಪ್ರಯೋಗ ನಡೆಯಿತು. ಬಣ್ಣ ಗುರುತಿಸುವ ಕೋಶಗಳು ನಮಗೆ ಮೂರು ಬಗೆ, ಅವಕ್ಕೆ ಎರಡೇ: ಒಂದು ನೀಲಿಯ ಕಡೆಗೆ, ಇನ್ನೊಂದು ಹಸಿರು-ಹಳದಿಯ ಕಡೆಗೆ. ಕೆಂಪಿನದು ಇಲ್ಲ. ಅಮೆರಿಕದ ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ಉರಿಯುವ ಕಿತ್ತಳೆ ಅಂಗಿ ಹಾಕಿಕೊಂಡೂ ಜಿಂಕೆಯ ಹತ್ತಿರ ಹೋಗುವುದು ಇದರಿಂದಲೇ. ಚಿಂಕಾರ ಜಿಂಕೆಯಲ್ಲ, ಹುಲ್ಲೆಯ ಜಾತಿ. ಕೋಡು ವರ್ಷಕ್ಕೊಮ್ಮೆ ಉದುರಿ ಹುಟ್ಟುವುದಿಲ್ಲ. ಆದರೆ ಗೊರಸಿನ ಪ್ರಾಣಿಗಳಲ್ಲಿ ಈ ಎರಡು ಬಣ್ಣದ ಕಣ್ಣೇ ಸಾಮಾನ್ಯ. ಕುರಿಗಾರರ ತಲೆಯ ಕೆಂಪು ಪಟಗಾ ಅದಕ್ಕೆ ಮಾಸಲು. ನನ್ನ ಒಗೆದ ಬಿಳಿ ಅಂಗಿ ಹಾಗಲ್ಲ. ಸೋಪಿನ ಪುಡಿಯಲ್ಲಿ ಬಟ್ಟೆ ಹೊಳೆಯಲೆಂದು ಹಾಕುವ ರಾಸಾಯನಿಕವೊಂದು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ನೀಲಿಯಾಗಿ ಉಗುಳುತ್ತದೆ. ಅವುಗಳ ಕಣ್ಣು ಚುರುಕಾಗಿರುವುದೂ ಆ ನೀಲಿಯಲ್ಲೇ.

ಡೇರೆಗೆ ವಾಪಸ್ ಬರೋಣ. ಹೊಸದಾಗಿ ನಿಲ್ಲಿಸಿದ ಮುಂಜಾನೆ ಚಿಗರಿಗಳು ದೂರದಲ್ಲೇ ನಿಂತವು. ಮುಂಗಾಲು ನೆಲಕ್ಕೆ ಕುಟ್ಟಿ, ಮೂಗಿನಿಂದ ಸೀನಿದಂಥ ಸದ್ದು ಮಾಡಿ, ಬಾಲ ಅಲ್ಲಾಡಿಸಿ, ತಿರುಗಿ ಹೋದವು. ನಾನು ಮಿಸುಕಾಡಿರಲಿಲ್ಲ, ಗಾಳಿಯೂ ನನ್ನ ಕಡೆಗೇ ಬೀಸುತ್ತಿತ್ತು, ನನ್ನ ವಾಸನೆ ಅವಕ್ಕೆ ಹೋಗಿರಲಿಕ್ಕಿಲ್ಲ. ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ನಿಂತು, ಡೇರೆಯ ಸುತ್ತ ಒಮ್ಮೆ ಅಡ್ಡಾಡಿ, "ಅಣ್ಣಾರ, ಇದು ನಿನ್ನಿ ಇಲ್ಲಿ ಇರಲಿಲ್ಲಲ್ರೀ. ನಮಗ ಗೊತ್ತಾದಂಗ ಅವಕ್ಕೂ ಗೊತ್ತಾಗತೈತಿ" ಅಂದರು. ಅಷ್ಟೇ ವಿಷಯ. ಬಯಲಿನ ಪ್ರಾಣಿಗೆ ತನ್ನ ಬಯಲು ಬಾಯಿಪಾಠ. ಎಲೆಯ ಚಿತ್ರ ದೂರದಿಂದ ಕಲಸಿಹೋಗಿ ಒಂದು ಕಪ್ಪು ಗುಡ್ಡೆಯಾಗಿ ಕಾಣುತ್ತದೆ. ನಿನ್ನೆ ಖಾಲಿಯಿದ್ದ ಜಾಗದಲ್ಲಿ ಗುಡ್ಡೆ ಎದ್ದರೆ ಸಂಶಯ ಬರದೇ ಇರುತ್ತದೆಯೇ!

ಕಿಟಕಿಯದು ಇನ್ನೊಂದು ರಗಳೆ. ಎದುರುಬದುರು ಕಿಟಕಿ ಎರಡೂ ತೆರೆದರೆ ಬೆಳಕು ಹಾಯ್ದು, ನಡುವೆ ನಮ್ಮ ತಲೆಯ ಆಕಾರ ಎದ್ದು ಕಾಣುತ್ತದೆ. ಹಿಂದಿನದು ಮುಚ್ಚಿ, ಒಳಗೆ ಕಪ್ಪು ಅಂಗಿ ತೊಟ್ಟು ಕೂರಬೇಕು. ಮಾಘದ ಚಳಿ ಕಳೆದ ಮೇಲೆ ಹತ್ತು ಗಂಟೆಗೆ ಒಳಗೆ ಬೆಂದುಹೋಗುತ್ತೇವೆ, ಅದು ಬೇರೆ ಮಾತು.

ಟ್ರ್ಯಾಕ್ಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಗರಿಗಳು ಅದಕ್ಕೆ ಹೆದರುವುದೇ ಇಲ್ಲ, ಸದ್ದು ಮಾಡುತ್ತ ಉಳುವಾಗಲೂ ಒಂದಳತೆ ದೂರದಲ್ಲಿ ಮೇಯುತ್ತಿರುತ್ತವೆ. ಎಂಜಿನ್ ನಿಲ್ಲಿಸಿ ಮೇಲೇ ಕೂತರೆ ಒಳ್ಳೆಯ ನೋಟ ಸಿಗುತ್ತದೆ. ಒಂದು ಕಾಲು ಕೆಳಗಿಟ್ಟರೆ ಸಾಕು, ಹಾರಿ ಹೋಗುತ್ತವೆ. ಎರಡು ಕಾಲಿನ ನಿಂತ ಆಕಾರವೇ ಅವುಗಳ ವೈರಿ. ಫೋಟೋಕ್ಕಂತೂ ಟ್ರ್ಯಾಕ್ಟರ್ ನಿಷ್ಪ್ರಯೋಜಕ: ಭುಜದ ಹತ್ತಿರ ಎರಡಡಿ ಚಿಲ್ಲರೆ ಎತ್ತರದ ಪ್ರಾಣಿಯನ್ನು ಮೇಲಿನಿಂದ ತೆಗೆದರೆ ಬೆನ್ನೇ ಕಾಣುತ್ತದೆ, ಮುಖವಲ್ಲ.

ನನ್ನ ಓಟು ಕಣಕಿ ಗೂಡಿಗೆ. ಜೋಳ ಕೊಯ್ದ ಮೇಲೆ ಕಣಕಿಯ, ಅಂದರೆ ಒಣ ದಂಟಿನ, ಸಿವುಡುಗಳನ್ನು ಹೊಲದಲ್ಲೇ ನೆಟ್ಟಗೆ ಆನಿಸಿ ನಿಲ್ಲಿಸಿರುತ್ತಾರೆ, ಆಮೇಲೆ ಬಣವಿ ಒಟ್ಟುತ್ತಾರೆ. ಅಂಥ ಒಂದು ಗುಂಪಿನ ನಡುವೆ ಮನುಷ್ಯ ಕೂರುವಷ್ಟು ಜಾಗ ಬಿಟ್ಟು ಕಟ್ಟಿಸಿಕೊಂಡೆ. ಹೊಲದ ತುಂಬ ಅಂಥವೇ ಗುಂಪುಗಳು, ಪ್ರತಿ ವರ್ಷ ಇದೇ ಕಾಲಕ್ಕೆ ಏಳುವಂಥವು. ಕಟ್ಟಿದ ಮರುದಿನವೇ ಚಿಗರಿಗಳು ಹತ್ತಿರ ಬಂದವು, ಒಂದು ಹೆಣ್ಣಂತೂ ಲೆನ್ಸಿಗೆ ಹಿಡಿಸದಷ್ಟು ಹತ್ತಿರ. ಡೇರೆಯಲ್ಲಿ ಬಟ್ಟೆ ಸವರಿದರೂ ಅವುಗಳ ಕಿವಿ ತಿರುಗುತ್ತದೆ. ಇಲ್ಲಿ ಗಾಳಿಗೆ ಕಣಕಿ ಸದಾ ಸರಸರ ಅನ್ನುವುದರಿಂದ ನಮ್ಮ ಸಣ್ಣ ಸದ್ದು ಅದರಲ್ಲೇ ಮುಚ್ಚಿಹೋಗುತ್ತದೆ. ಮೇಲೆ ಕಂಬಳಿ ಹೊದ್ದರೆ ಇನ್ನೂ ಒಳ್ಳೆಯದು. ನಮ್ಮ ಡೆಕ್ಕನಿ ಕುರಿಯ ಕರಿ ಉಣ್ಣೆಗೆ ಹೊಳಪೂ ಇಲ್ಲ, ಸೋಪಿನ ಪುಡಿಯ ಹಂಗೂ ಇಲ್ಲ.

ಗೂಡಿನ ಕಷ್ಟವೂ ಇದೆ. ಕಣಕಿಯ ಧೂಳಿಗೆ ಸೀನು ತಡೆಯಲಾಗುವುದಿಲ್ಲ, ಮೈಯೆಲ್ಲ ತುರಿಕೆ. ಇಲಿ ಇರುವಲ್ಲಿ ಹಾವೂ ಇರುತ್ತದೆ, ಕೂರುವ ಮೊದಲು ಕೋಲಿನಿಂದ ಬಡಿಯಲೇಬೇಕು. ಗಾಳಿಯ ವಿಷಯದಲ್ಲಂತೂ ಮೂರೂ ಒಂದೇ. ಹಿಂಗಾರಿಯಲ್ಲಿ ಇಲ್ಲಿ ಹೆಚ್ಚಾಗಿ ಮೂಡಗಾಳಿ, ಹಾಗಾಗಿ ಅವು ಬರುವ ದಾರಿಯ ಪಡುವಣಕ್ಕೆ ಕೂರಬೇಕು. ಕೂತರೆ ಎದುರಿಗೆ ಸೂರ್ಯ, ಫೋಟೋಕ್ಕೆ ಕೇಡು. ಬೆಳಕು ಬೇಕೋ ಪ್ರಾಣಿ ಬೇಕೋ ಅಂದರೆ ನಾನು ಪ್ರಾಣಿಯನ್ನೇ ಆರಿಸುತ್ತೇನೆ.

ಇಷ್ಟಾದರೂ ಗೂಡಿಗೆ ಆಯುಷ್ಯ ಕಡಿಮೆ. ಬೇಸಿಗೆ ಏರುತ್ತಿದ್ದಂತೆ ಮಾವನ ಎತ್ತುಗಳು ಅದನ್ನು ಒಂದೊಂದೇ ಸಿವುಡು ತಿಂದು ಮುಗಿಸುತ್ತವೆ, ಬೇಡವೆನ್ನಲು ನನಗೇನು ಹಕ್ಕು? ಆಗ ಡೇರೆಯೇ ಗತಿ. ಅದನ್ನು ಜಾಲಿ ಗಿಡದ ಮಗ್ಗುಲಿಗೆ ಒತ್ತಿ ನಿಲ್ಲಿಸಿ, ಸುತ್ತ ಒಣ ಮುಳ್ಳುಕಂಟಿ ಚೆಲ್ಲಿ, ಕಿಟಕಿ ಮುಚ್ಚಿ, ಒಳಗೆ ಯಾರೂ ಕೂರದೆ ಎರಡು ಮೂರು ವಾರ ಹಾಗೇ ಬಿಟ್ಟರೆ ಚಿಗರಿಗಳು ಅದರ ನೆರಳಿನ ಹತ್ತಿರಕ್ಕೂ ಬರುತ್ತವೆ. ಗೂಟಗಳನ್ನು ಮಾತ್ರ ಬಲವಾಗಿ ಬಡಿದಿರಬೇಕು, ಏಪ್ರಿಲ್ಲಿನ ಸುಂಟರಗಾಳಿಗೆ ಡೇರೆ ಪಕ್ಕದ ಹೊಲದವರ ಪಾಲಾಗುತ್ತದೆ.