ಮೈಸೂರು ಸುತ್ತೋಕೆ ಪ್ಯಾಕೇಜ್ ವ್ಯಾನೋ, ಬಾಡಿಗೆ ಸ್ಕೂಟರೋ, ಸರ್ಕಾರಿ ಬಸ್ಸೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಸ್ಸಿಗೆ. ಅಕ್ಕನ ಮನೆ ಕುವೆಂಪುನಗರದಲ್ಲಿದೆ. ರಜೆ ಸಿಕ್ಕರೆ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗುವುದು ನಮ್ಮ ರೂಢಿ. ಹಾಗಾಗಿ ಮೂರೂ ಥರ ಸುತ್ತಿ ನೋಡಿದ್ದಾಗಿದೆ.

ವ್ಯಾನ್ ಬುಕ್ ಮಾಡುವಾಗ ಎಲ್ಲ ಚೆನ್ನಾಗಿಯೇ ಕೇಳಿಸಿತು. ಅರಮನೆ, ಝೂ, ಚಾಮುಂಡಿ ಬೆಟ್ಟ, ಸೇಂಟ್ ಫಿಲೋಮಿನಾ ಚರ್ಚ್, ಶ್ರೀರಂಗಪಟ್ಟಣ, ಸಂಜೆಗೆ ಬೃಂದಾವನ. ಎಲ್ಲ ಒಂದೇ ದಿನದಲ್ಲಿ. ಆದರೆ ಪಟ್ಟಿಯಲ್ಲಿ ಬರೆಯದೇ ಇದ್ದ ಒಂದು ಜಾಗ ಇತ್ತು. ರೇಷ್ಮೆ ಸೀರೆ, ಗಂಧದೆಣ್ಣೆ ಮಾರುವ ಅಂಗಡಿ.

ಬೆಟ್ಟ ಇಳಿದು ಶ್ರೀರಂಗಪಟ್ಟಣದ ಕಡೆ ಹೊರಟಿದ್ದೇವೆ ಅಂದುಕೊಂಡು ಕೂತಿದ್ದೆವು. ವ್ಯಾನು ಒಂದು ಗಲ್ಲಿಗೆ ತಿರುಗಿ ನಿಂತಿತು. ‘ಹತ್ತೇ ನಿಮಿಷ ಸಾರ್, ಬಾತ್‌ರೂಮಿಗೆ ಹೋಗೋರು ಹೋಗಿಬನ್ನಿ’ ಅಂದ ಡ್ರೈವರ್. ಬಾತ್‌ರೂಮು ಅಂಗಡಿಯ ಹಿಂಭಾಗದಲ್ಲಿ. ಸೀರೆ ಕೌಂಟರು, ಮರದ ಆನೆಗಳು, ಊದುಬತ್ತಿ, ಇವೆಲ್ಲ ದಾಟಿಕೊಂಡೇ ಹೋಗಬೇಕು. ವಾಪಸ್ ಬರುವಾಗ ಒಬ್ಬ ಹುಡುಗ ಎಲ್ಲರ ಮುಂಗೈಗೂ ಗಂಧದೆಣ್ಣೆ ತಿಕ್ಕುತ್ತಿದ್ದ. ‘ಅಮ್ಮಾ, ತಗೊಳ್ಳದಿದ್ರೂ ಪರವಾಗಿಲ್ಲ, ಸುಮ್ನೆ ನೋಡಿ’ ಅನ್ನುತ್ತಲೇ ಏಳೆಂಟು ಸೀರೆ ಬಿಚ್ಚಿ ಹಾಸಿದ. ಬಿಚ್ಚಿದ ಮೇಲೆ ಎದ್ದು ಬರಲು ಅಮ್ಮನಿಗೆ ಸಂಕೋಚ.

ಹೊರಗೆ ಡ್ರೈವರು ಅಂಗಡಿಯವರೇ ಕೊಟ್ಟ ಕಾಫಿ ಕುಡಿಯುತ್ತಾ ನಿಂತಿದ್ದ. ಅವನ ಚೀಟಿಗೆ ಕ್ಯಾಷಿಯರು ಸೀಲು ಒತ್ತಿಕೊಡುವ ತನಕ ವ್ಯಾನು ಅಲುಗಲಿಲ್ಲ. ನಮ್ಮ ಜೊತೆಗಿದ್ದ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ‘ನಾವೇನ್ ಸೀರಿ ಕೊಳ್ಳಾಕ ಬಂದೀವೇನು?’ ಅಂತ ಜೋರು ಮಾಡಿದ ಮೇಲೆ ಗಾಡಿ ಹೊರಟಿತು. ಮುಕ್ಕಾಲು ಗಂಟೆ ಹೋಗಿತ್ತು.

ಆ ಮುಕ್ಕಾಲು ಗಂಟೆ ಎಲ್ಲಿಂದ ಕಡಿತವಾಯಿತು ಗೊತ್ತಾ? ದರಿಯಾ ದೌಲತ್‌ನಿಂದ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಅದು. ಅದರ ಪಶ್ಚಿಮದ ಗೋಡೆಯ ತುಂಬಾ ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ನಮ್ಮನ್ನು ಗೇಟಿನಲ್ಲಿ ಇಳಿಸಿ ಕಾಲು ಗಂಟೆ ಕೊಟ್ಟರು. ಟಿಕೆಟ್ ತೆಗೆದುಕೊಂಡು ತೋಟ ದಾಟುವಷ್ಟರಲ್ಲಿ ಹಾರ್ನ್ ಶುರು.

ಅದೇ ಗೋಡೆಯನ್ನು ಮುಂದೆ ಬಸ್ಸಿನಲ್ಲಿ ಹೋದಾಗ ಸಾವಕಾಶ ನೋಡಿದೆವು. ಸೋತ ಇಂಗ್ಲಿಷ್ ದಳದ ನಡುವೆ ಅದರ ನಾಯಕ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಮೊದಲ ನೋಟಕ್ಕೆ ಕಾಣುವುದೇ ಇಲ್ಲ, ಕುದುರೆ ಮತ್ತು ಸೈನಿಕರ ಸಾಲುಗಳಲ್ಲಿ ಹುಡುಕಬೇಕು. ಅವನನ್ನು ಮೊದಲು ಕಂಡುಹಿಡಿದದ್ದು ಅಮ್ಮ. ಸೆರೆಸಿಕ್ಕ ಅವನು 1782ರಲ್ಲಿ ಇದೇ ಊರಲ್ಲಿ ಸತ್ತ. ಅವನ ಹೆಸರಿನ ಬಂದೀಖಾನೆ ಕೋಟೆಯೊಳಗೆ, ರಂಗನಾಥಸ್ವಾಮಿ ಗುಡಿಯಿಂದ ನಡೆದು ಹೋಗುವ ದೂರದಲ್ಲಿದೆ. ಎರಡನ್ನೂ ಒಂದೇ ದಿನ ನೋಡಿದರೇನೇ ಮಜಾ.

ಸ್ಕೂಟರ್ ಬಗ್ಗೆ ದೂರು ಕಡಿಮೆ. ನಾವು ತೆಗೆದುಕೊಂಡಾಗ ದಿನಕ್ಕೆ 500 ರೂಪಾಯಿ ಬಾಡಿಗೆ ಇತ್ತು, ಪೆಟ್ರೋಲು ನಮ್ಮದು. ಬೃಂದಾವನಕ್ಕೆ ಇದೇ ಸರಿ. ಕಾರಂಜಿ ನೋಡಿಕೊಂಡು ನಮ್ಮ ಪಾಡಿಗೆ ವಾಪಸ್ ಬರಬಹುದು. ಬಸ್ಸಿಗಾದರೆ ಅಷ್ಟೂ ಜನ ಒಟ್ಟಿಗೆ ನುಗ್ಗುತ್ತಾರೆ, ಅಮ್ಮನನ್ನು ಕರೆದುಕೊಂಡು ಅದು ಆಗದ ಮಾತು. ರಂಗನತಿಟ್ಟು ಪಕ್ಷಿಧಾಮಕ್ಕೂ ಸ್ಕೂಟರೇ ಸಲೀಸು, ಗೇಟಿನವರೆಗೂ ಹೋಗುತ್ತದೆ. ಬಸ್ಸಿನವರು ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋ ಹಿಡಿಯಬೇಕು.

ಒಂದು ಎಚ್ಚರಿಕೆ: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಸ್ಕೂಟರು ಬಿಡುವುದಿಲ್ಲ. ಸರ್ವೀಸ್ ರೋಡಿನಲ್ಲೇ ಹೋಗಬೇಕು. ಇನ್ನು ಎರಡು ಹೆಲ್ಮೆಟ್ಟು. ಡಿಕ್ಕಿಯಲ್ಲಿ ಒಂದು ಹಿಡಿಸಿದರೆ ಹೆಚ್ಚು, ಇನ್ನೊಂದನ್ನು ಹೋದಲ್ಲೆಲ್ಲ ಹೊತ್ತು ತಿರುಗಬೇಕು.

ಚಾಮುಂಡಿ ಬೆಟ್ಟದಲ್ಲಿ ಮಾತ್ರ ಬಸ್ಸಿಗೆ ಸಾಟಿಯಿಲ್ಲ. ಸಿಟಿ ಬಸ್ ಸ್ಟ್ಯಾಂಡಿನಿಂದ 201 ಹತ್ತಿ ಮೇಲೆ ಹೋಗಿ, ದರ್ಶನ ಮುಗಿಸಿ, ಮೆಟ್ಟಿಲಿನಲ್ಲಿ ಇಳಿಯಿರಿ. ಸುಮಾರು ಸಾವಿರ ಮೆಟ್ಟಿಲು. ಮೇಲಿನಿಂದ ಮುನ್ನೂರರಷ್ಟು ಇಳಿಯುವಾಗ ನಂದಿ ಸಿಗುತ್ತದೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ್ದು. ಸ್ಕೂಟರಿನವರು ಹೀಗೆ ಇಳಿದರೆ ಗಾಡಿಗಾಗಿ ಮತ್ತೆ ಹತ್ತಬೇಕು! ಮಂಡಿನೋವಿನವರು ಇಳಿಯುವ ಸಾಹಸ ಬೇಡ. ಅಮ್ಮ ಅಕ್ಕನ ಜೊತೆ ಬಸ್ಸಿನಲ್ಲೇ ವಾಪಸ್ ಹೋದರು.

ಸೋಮನಾಥಪುರ ನಮ್ಮ ವ್ಯಾನಿನ ಪಟ್ಟಿಯಲ್ಲಿ ಇರಲೇ ಇಲ್ಲ. 13ನೇ ಶತಮಾನದ ಹೊಯ್ಸಳ ಗುಡಿ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ್ದು. ನೇರ ಬಸ್ಸು ಅಪರೂಪ, ಬನ್ನೂರಿನಲ್ಲಿ ಬದಲಿಸಬೇಕು. ಬನ್ನೂರು ಅಂದರೆ ಕುರಿ ಅಂತಷ್ಟೇ ಗೊತ್ತಿತ್ತು, ಆ ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಒಳ್ಳೆಯ ಕಾಫಿಯೂ ಸಿಕ್ಕಿತು. ಗುಡಿಯ ಒಳಗೆ ಕತ್ತೆತ್ತಿ ಛಾವಣಿ ನೋಡಿ. ಒಂದೊಂದು ಅಂಕಣಕ್ಕೂ ಒಂದೊಂದು ವಿನ್ಯಾಸ, ಮಧ್ಯದಲ್ಲಿ ಇಳಿಬಿದ್ದ ಬಾಳೆಮೂತಿಯಂಥ ಕೆತ್ತನೆ. ಕತ್ತು ನೋಯುವವರೆಗೂ ನೋಡಬಹುದು, ಹಾರ್ನ್ ಹೊಡೆಯುವವರು ಯಾರೂ ಇಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ ಪೈಪೋಟಿಯೇ ಇಲ್ಲ. 2023ರ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಪುಕ್ಕಟೆ. ಅಮ್ಮ, ಅಕ್ಕ, ಹೆಂಡತಿ ಆಧಾರ್ ತೋರಿಸಿ ಕೂರುತ್ತಾರೆ, ದುಡ್ಡು ಕೊಡುವವನು ನಾನೊಬ್ಬನೇ. ಎಸಿ ಬಸ್ಸಿಗೆ ಇದು ನಡೆಯಲ್ಲ.

ಒಂದೇ ದಿನ ಇರೋದು, ಎಲ್ಲದರ ಮುಂದೆ ಒಂದೊಂದು ಫೋಟೊ ಸಾಕು ಅನ್ನುವವರಿಗೆ ವ್ಯಾನೇ ಸರಿ, ಅಲ್ವಾ? ಆದರೆ ದುಡ್ಡು ಕೊಡುವ ಮುಂಚೆ ‘ಅಂಗಡಿಗೆ ನಿಲ್ಲಿಸ್ತೀರಾ’ ಅಂತ ಕೇಳಿ. ಜೋಡಿಯಾಗಿ ಬಂದವರು, ಬೃಂದಾವನ ನೋಡಲೇಬೇಕು ಅನ್ನುವವರು ಸ್ಕೂಟರ್ ತೆಗೆದುಕೊಳ್ಳಿ. ನನ್ನಂತೆ ಬೆಳಗ್ಗೆ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟು, ದಿನಕ್ಕೆ ಒಂದೋ ಎರಡೋ ಜಾಗ ನೋಡುವವರು ಬಸ್ ಹತ್ತಿ. ಮಂಗಳವಾರ ಝೂ ರಜೆ, ಅವತ್ತು ಸೋಮನಾಥಪುರ ಇಟ್ಟುಕೊಳ್ಳಿ. ಭಾನುವಾರವಾದರೆ ಏಳು ಗಂಟೆಯೊಳಗೆ ಸಿಟಿ ಬಸ್ ಸ್ಟ್ಯಾಂಡಿಗೆ ವಾಪಸ್ ಬನ್ನಿ. ಅರಮನೆಯ ದೀಪ ಹಚ್ಚುವ ಹೊತ್ತು ಅದು, ಅಲ್ಲಿಂದ ನಡೆದೇ ಹೋಗಬಹುದು.