ಮಾಡೆಲ್ ನೋಡಿ ಚಿತ್ರ ಬರೆಯುವ ಕ್ಲಾಸ್: ಸೇರಿ, ಆದರೆ ಬೇಗ ಹೋಗಿ ಜಾಗ ಹಿಡಿಯಿರಿ

ಫೋಟೋ ನೋಡಿಕೊಂಡೇ ಮನುಷ್ಯರ ಚಿತ್ರ ಬರೆಯುತ್ತಿರುವವರಿಗೆ ಮಾಡೆಲ್ ಆಗಿ ಒಬ್ಬರನ್ನು ಎದುರಿಗೇ ನಿಲ್ಲಿಸಿ ಬರೆಸುವ ಈ ಕ್ಲಾಸ್ ಬೇಕೇ ಬೇಕು. ಹೊಸಬರೂ ಸೇರಬಹುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಮಯ ಹಂಚಿರುವ ರೀತಿ. ಮೊದಲು 30 ಸೆಕೆಂಡಿನ ಪೋಸ್‌ಗಳು, ಆಮೇಲೆ 1 ನಿಮಿಷ, 2 ನಿಮಿಷ, 5 ನಿಮಿಷ, ಕೊನೆಗೆ 20 ನಿಮಿಷದ್ದು. 30 ಸೆಕೆಂಡಿನಲ್ಲಿ ಕಣ್ಣು, ಮೂಗು ಬರೆಯಲು ಆಗುವುದೇ ಇಲ್ಲ. ಮೈ ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟನ್ನೇ ಹಿಡಿಯಬೇಕು. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಆರಾಮಾಗಿ ನಿಂತಾಗ ಸೊಂಟ ಆ ಕಡೆ ಮೇಲೇರುತ್ತದೆ, ಭುಜ ಸಾಮಾನ್ಯವಾಗಿ ಅದೇ ಕಡೆ ಇಳಿಯುತ್ತದೆ, ಕತ್ತಿನ ಗುಳಿಯಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಭಾರ ಹೊತ್ತ ಪಾದದ ಹತ್ತಿರವೇ ಬರುತ್ತದೆ. ಇದನ್ನು ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ. ಆದರೆ ಮಾಡೆಲ್ ಕಾಲು ಬದಲಿಸಿದ ಕೂಡಲೇ ಇಡೀ ಮೈ ಮತ್ತೆ ಹೊಂದಿಕೊಳ್ಳುವುದನ್ನು ಕಣ್ಣಾರೆ ಕಂಡರೆ ಗೆರೆಗೇ ಜೀವ ಬರುತ್ತದೆ.

ಹೇಳಿಕೊಡುವವರು ನಮ್ಮ ಹಾಳೆ ಮೇಲೆ ಗೆರೆ ಎಳೆಯುವುದಿಲ್ಲ. ತುಂಬಾ ಒಳ್ಳೆಯ ಪದ್ಧತಿ. ಮಾಡೆಲ್ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರೆ, ಕೈಯನ್ನು ಬರೆಯಲು ಹೋಗಬೇಡಿ, ಕೈಗೂ ಮೈಗೂ ನಡುವಿನ ಖಾಲಿ ಜಾಗದ ಆಕಾರ ಬರೆಯಿರಿ ಅಂತಾರೆ. ಬರೆದರೆ ಕೈ ತಾನಾಗಿ ಸರಿಯಾಗಿ ಕೂರುತ್ತದೆ. ಮೈಯ ಎತ್ತರ ಏಳೂವರೆ ತಲೆಯಷ್ಟು ಎಂಬ ಲೆಕ್ಕವನ್ನು ಸುಮ್ನೆ ಒಪ್ಪಲು ಬಿಡುವುದಿಲ್ಲ. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನಿಂದ ಎದುರಿಗಿರುವವರನ್ನೇ ಅಳೆಯಬೇಕು. ನಮ್ಮ ಕಡೆಗೆ ಚಾಚಿದ ಕಾಲು ಬರೆಯುವಾಗಲಂತೂ ಈ ಅಳತೆ ಬಿಟ್ಟರೆ ಗತಿಯಿಲ್ಲ, ಯಾಕೆಂದರೆ ಕಾಲು ಉದ್ದ ಅಂತ ಮನಸ್ಸು ಹಟ ಹಿಡಿಯುತ್ತದೆ, ಕಣ್ಣಿಗೆ ಕಾಣುವುದು ಬರೀ ಮಂಡಿ ಮತ್ತು ಪಾದ.

ಮಾಡೆಲ್‌ಗಳನ್ನು ನಡೆಸಿಕೊಳ್ಳುವ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ. ಬಟ್ಟೆ ಬದಲಿಸಲು ಬೇರೆ ಕೋಣೆ ಇದೆ. ಫೋನ್ ಹೊರಗೆ ತೆಗೆಯುವಂತಿಲ್ಲ. ಯಾರೂ ಮುಟ್ಟಿ ಪೋಸ್ ಸರಿಪಡಿಸುವುದಿಲ್ಲ, ಬಾಯಲ್ಲೇ ಹೇಳಬೇಕು. 20 ನಿಮಿಷಕ್ಕೊಮ್ಮೆ ವಿರಾಮ, ಅದಕ್ಕೆ ಮುಂಚೆ ಪಾದದ ಸುತ್ತ ನೆಲಕ್ಕೆ ಟೇಪ್ ಅಂಟಿಸುತ್ತಾರೆ, ವಾಪಸ್ ಬಂದು ಅದೇ ಜಾಗದಲ್ಲಿ ನಿಲ್ಲಬಹುದು. ಅಲುಗಾಡದೆ ನಿಲ್ಲುವುದು ಕಷ್ಟದ ದುಡಿಮೆ, ಅಲ್ವಾ? ಇಷ್ಟೂ ಇಲ್ಲದ ಕಡೆ ದಯವಿಟ್ಟು ಸೇರಬೇಡಿ.

ಬೆಳಕಿನ ವಿಷಯದಲ್ಲಿ ಮಾತ್ರ ಬೇಸರವಿದೆ. ಪಕ್ಕದಿಂದ ಒಂದು ಒಳ್ಳೆಯ ದೀಪ ಇಟ್ಟು, ಮೇಲಿನ ಟ್ಯೂಬ್‌ಲೈಟ್‌ಗಳನ್ನೂ ಹಾಕಿಬಿಡುತ್ತಾರೆ. ನೆರಳೆಲ್ಲ ಕರಗಿ ಹೋಗುತ್ತದೆ, ಮೈಯ ಉಬ್ಬು ತಗ್ಗು ಗೊತ್ತಾಗುವುದಿಲ್ಲ. ಕೇಳಿದರೆ ಆರಿಸುತ್ತಾರೆ, ಹಾಗಾಗಿ ಕೇಳಿ. ಜನ ಜಾಸ್ತಿಯಾದರೆ ಹಿಂದಿನ ಸಾಲಿಗೆ ಮುಂದಿನವರ ಈಸಲ್‌ಗಳೇ (ಹಾಳೆ ನಿಲ್ಲಿಸುವ ಸ್ಟ್ಯಾಂಡ್‌ಗಳು) ಅಡ್ಡ ಬರುತ್ತವೆ. ಅವರು ಕೊಡುವ ನ್ಯೂಸ್‌ಪ್ರಿಂಟ್ (ಪತ್ರಿಕೆ ಕಾಗದದಂಥ ತೆಳು) ಹಾಳೆ ಚಿಕ್ಕ ಪೋಸ್‌ಗಳಿಗೆ ಸಾಕು. 20 ನಿಮಿಷದ ಚಿತ್ರಕ್ಕೆ ಚಾರ್ಕೋಲ್ (ಚಿತ್ರ ಬರೆಯುವ ಇದ್ದಿಲು ಕಡ್ಡಿ) ಹಿಡಿಯುವಂಥ ಸ್ವಲ್ಪ ತರಿಯಾದ ದಪ್ಪ ಹಾಳೆ ನೀವೇ ಒಯ್ಯಿರಿ.